ಎಡೆ ಕೋಣೆಯಲ್ಲಿ ಹಾರಿದ ಡ್ರೋನು

ಹಬ್ಬ ಅಂದರೆ ಗಂಡಸರಿಗೆ ಊಟ. ಹೆಂಗಸರಿಗೆ, ಗಂಡಸರ ಕೈಗೆ ಪೊರಕೆ ಕೊಡಲು ಸಿಗುವ ಒಂದು ಧಾರ್ಮಿಕ ಕಾರಣ. ಈ ಸತ್ಯ ನನಗೆ ಮದುವೆಯಾದ ಮೊದಲ ವರ್ಷವೇ ಗೊತ್ತಾಯಿತು. ಗೊತ್ತಾಗಿ ಏನು ಬಂತು? ಅಷ್ಟರಲ್ಲಿ ಪೊರಕೆ ಕೈಯಲ್ಲಿತ್ತು.

ಬೇರೆ ಹಬ್ಬಗಳಾದರೂ ವಾಸಿ. ಮಾರಲಾಮಿ ಪಕ್ಷ, ಅಂದರೆ ಹಿರಿಯರ ಹಬ್ಬ ಬಂತೆಂದರೆ ನನ್ನ ಹೆಂಡತಿ ರೂಪಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿ ದಂಡನಾಯಕಿಯಾಗಿಬಿಡುತ್ತಾಳೆ. ಅಟ್ಟದ ಪಾತ್ರೆಗಳೆಲ್ಲ ಕೆಳಗಿಳಿದು, ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು, ಮತ್ತೆ ಅಟ್ಟ ಹತ್ತಬೇಕು. (ವರ್ಷವಿಡೀ ಅವುಗಳಿಗೆ ಬೇರೆ ಕೆಲಸವಿಲ್ಲ.) ಕಂಬಳಿ, ಹೊದಿಕೆಗಳೆಲ್ಲ ನಾಲೆಗೆ ಹೋಗಿ ಮಿಂದು ಬರಬೇಕು. ಜಂತೆಯ ಜೇಡನಿಂದ ಹೊಸ್ತಿಲ ಇರುವೆಯವರೆಗೆ ಸಕಲ ಜೀವರಾಶಿಗೂ ಮನೆ ಖಾಲಿ ಮಾಡುವಂತೆ ಆಜ್ಞೆ. ಆ ಆಜ್ಞೆಯನ್ನು ಜಾರಿ ಮಾಡುವ ಜವಾನ ನಾನು.

"ಹಿರೀಕರು ಎಡೆ ನೋಡಕ್ಕೆ ಬತ್ತಾರೆ ಕಣೆ, ಅಟ್ಟ ನೋಡಕ್ಕಲ್ಲ" ಎಂದೆ ಒಮ್ಮೆ, ಧೈರ್ಯ ಮಾಡಿ.

"ನಿಮಗಿಂತ ಮಾವನೋರ ವಿಷಯ ನಂಗೆ ಚೆನ್ನಾಗ್ ಗೊತ್ತು. ಅವ್ರು ಮೊದ್ಲು ನೋಡೋದೇ ಅಟ್ಟಾನ" ಎಂದಳು.

ಅವಳು ಹೇಳಿದ್ದು ನಿಜ. ನಮ್ಮಪ್ಪ ನಿಂಗಯ್ಯನವರು ಜೀವನವೆಲ್ಲ ನಮ್ಮೂರು ಭೇರ್ಯದ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರು ತುಳಿದವರು. ಮನೆಗೆ ಬಂದರೆ ಮಾತ್ರ ಕೆಸರಿನ ಪರಮಶತ್ರು. ಕೆಂಪು ಸೋಪು ಹಿಡಿದು ಬಚ್ಚಲಲ್ಲಿ ಕೈಕಾಲು ತಿಕ್ಕಲು ನಿಂತರೆ ಒಳಗೆ ಸಾರು ಆರಿ, ಮುದ್ದೆ ಕಲ್ಲಾಗಿ, ಅಮ್ಮ ಕೂಗಿ ಕೂಗಿ ಸುಸ್ತಾಗಬೇಕು. ಮದುವೆಮನೆಗೆ ಹೋದರೂ ಜುಬ್ಬದ ಜೇಬಿನಲ್ಲಿ ಒಂದು ತುಂಡು ಸೋಪು ಇರುತ್ತಿತ್ತು. ತೊಳೆದ ಬಾಳೆಲೆಯನ್ನು ತಾವೇ ಇನ್ನೊಮ್ಮೆ ತೊಳೆಯದೆ, ಪಕ್ಕದವರ ಕೈ ತಗುಲಿದರೆ ಎಲೆ ಬದಲಾಯಿಸದೆ ಉಂಡವರೇ ಅಲ್ಲ.

ಅವರು ತೀರಿಕೊಂಡ ಮೇಲಿನ ಮೊದಲ ಪಕ್ಷ ಹೋದ ವರ್ಷ ಬಂತು. ನಮ್ಮ ಮನೆಯ ಪದ್ಧತಿ ಹೀಗೆ: ಒಳಕೋಣೆಯಲ್ಲಿ ಹಿರಿಯರ ಫೋಟೋ ಇಟ್ಟು, ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಬಿಡುವುದು. ಹಿರಿಯರು ಬಂದು ನೆಮ್ಮದಿಯಾಗಿ ಊಟ ಮಾಡಬೇಕಲ್ಲ, ನಾವು ಎದುರಿಗೆ ನಿಂತು ಬಾಯಿ ನೋಡಿದರೆ ಅವರಿಗೆ ಹೇಗೆ ಇಳಿದೀತು? ಆಮೇಲೆ ಬಾಗಿಲು ತೆಗೆದು, ಅನ್ನದ ಗುಡ್ಡೆಯ ಮೇಲೆ ಏನಾದರೂ ಗುರುತು ಇದೆಯೇ ಎಂದು ನೋಡುವುದು. ಒಂದು ತಗ್ಗು, ಚೆಲ್ಲಿದ ಒಂದು ಅಗುಳು, ಏನಾದರೂ ಸರಿ. ಹೋದ ವರ್ಷ ಅನ್ನದ ಗುಡ್ಡೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು.

"ಬರ್ನಿಲ್ಲ ಕಣ್ಲಾ ಸಸಿ, ನಿಮ್ಮಪ್ಪ" ಎಂದರು ಅಮ್ಮ. ಅಷ್ಟೇ. ಆದರೆ ಆ ಹಬ್ಬದ ಊಟವನ್ನು ಅವರು ಸರಿಯಾಗಿ ಉಣ್ಣಲಿಲ್ಲ. ಆಮೇಲೂ ವರ್ಷವಿಡೀ, ಅಕ್ಕಿ ಆರಿಸುವಾಗ, ಎಲೆಗೆ ಸುಣ್ಣ ಹಚ್ಚುವಾಗ, "ಬಾಗ್ಲತಂಕ ಬಂದು, ಮನೆ ಗಲೀಜಾಗ್ಬುಟ್ಟದೆ ಅಂತ ವಾಪಸ್ ಓಗ್ಬುಟ್ರೇನೋ" ಎನ್ನುವರು. ಆಗೆಲ್ಲ ರೂಪಶ್ರೀ ನನ್ನ ಕಡೆ ನೋಡುವಳು. (ಹೋದ ವರ್ಷ ಒಳಕೋಣೆ ಒರೆಸುವ ಪಾಳಿ ನನ್ನದಾಗಿತ್ತು. ನಾನು ಒರೆಸಿದ್ದೆ. ಎಲ್ಲರೂ ಒರೆಸುವಷ್ಟೇ ಒರೆಸಿದ್ದೆ.)

ಹೀಗಾಗಿ ಈ ಸಲದ ಮಾರಲಾಮಿಗೆ ನನ್ನ ಮೇಲೆ ಇಹಪರಗಳೆರಡರ ಒತ್ತಡವೂ ಇತ್ತು. ಆ ಒತ್ತಡದಲ್ಲಿ ನರಳುತ್ತಿರುವಾಗಲೇ ನನ್ನ ಅಂಗಡಿಗೆ ಶರತ್ ಬಂದ.

ಭೇರ್ಯದಲ್ಲಿ ನನ್ನದೊಂದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ಈಗ ಗದ್ದೆಗೆ ಔಷಧಿ ಹೊಡೆಯುವುದೂ ಡ್ರೋನೇ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬದುವಿನ ಮೇಲೆ ನಡೆಯುವ ಕಾಲ ಹೋಗುತ್ತಾ ಬಂತು. ಆ ಡ್ರೋನುಗಳ ಕಂಪನಿಯ ಹುಡುಗ ಶರತ್. ಅವತ್ತು ಒಂದು ಪೆಟ್ಟಿಗೆ ತಂದು ಗಲ್ಲಾದ ಮೇಜಿನ ಮೇಲಿಟ್ಟ.

"ಇದು ಮನೆಯೊಳಗಿಂದು ಸಾರ್. ಆಸ್ಪತ್ರೆ, ಹಾಸ್ಟೆಲ್ಲು, ಚೌಲ್ಟ್ರಿಗೆ ಅಂತ ಮಾಡಿರೋದು. ತಾನೇ ಕೋಣೆ ಎಲ್ಲ ನೋಡ್ಕೊಂಡು, ತಾನೇ ಹಾರಿ, ಗೋಡೆ, ಕಪಾಟು, ಚಿಲಕ, ಸ್ವಿಚ್ಚು ಎಲ್ಲದ್ರ ಮೇಲೂ ಮಂಜಿನ ಹಂಗೆ ಔಷಧಿ ಸಿಂಪಡಿಸಿ, ತಾನೇ ವಾಪಸ್ ಬಂದು ಕೂತ್ಕೊಳುತ್ತೆ. ಒಂದು ಕ್ರಿಮಿ ಉಳಿಯಲ್ಲ."

"ರಿಮೋಟ್ ಎಲ್ಲಿ?"

"ರಿಮೋಟೇ ಇಲ್ಲ ಸಾರ್. ಅದಕ್ಕೇ ಬುದ್ಧಿ ಇದೆ."

ರಿಮೋಟ್ ಯಾರ ಕೈಯಲ್ಲಿರಬೇಕು ಎಂಬ ಜಗಳವೇ ಇಲ್ಲದ ಯಂತ್ರ! ನನಗೆ ಕಣ್ಣು ತುಂಬಿ ಬಂತು. ಒಂದಷ್ಟು ದಿನ ಮನೆಯಲ್ಲಿಟ್ಟುಕೊಂಡು ನೋಡಿ, ಹೇಗಿದೆ ಹೇಳಿದರೆ ಸಾಕು ಎಂದ ಶರತ್. ಒಂದೇ ಒಂದು ಷರತ್ತು: ಅದು ಹಾರುವಾಗ ಕೋಣೆಯಲ್ಲಿ ನರಮನುಷ್ಯ ಇರಕೂಡದು, ಬಾಗಿಲು ಮುಚ್ಚಿರಬೇಕು. ಔಷಧಿ ಮನುಷ್ಯರ ಮೇಲೆ ಬೀಳಬಾರದು ಎಂದು ಹಾಗೆ ಮಾಡಿದ್ದಾರಂತೆ. ಅದರ ಕಣ್ಣಿಗೆ ಯಾರದಾದರೂ ಮುಖ ಬಿತ್ತೋ, ಕೆಲಸ ನಿಲ್ಲಿಸಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ, ನಮ್ಮ ಫೋನಿಗೊಂದು ಮೆಸೇಜು ಬರುತ್ತದೆ. ಇದೇನು ಮಹಾ, ಎಂದುಕೊಂಡೆ.

ಮನೆಗೆ ತಂದು ನಡುಮನೆಯಲ್ಲಿ ಪೆಟ್ಟಿಗೆ ಬಿಚ್ಚಿದೆ.

"ಇದೇನ್ರೀ, ಮೊರಕ್ಕೆ ನಾಲ್ಕು ರೆಕ್ಕೆ ಹಚ್ಚಿದಂಗಿದೆ?" ಎಂದಳು ರೂಪಶ್ರೀ.

"ಇದು ಸ್ವಯಂಚಾಲಿತ ಗಗನಗಾಮಿ ರೋಗಾಣುಸಂಹಾರಿ."

"ಜೇಡರ ಬಲೆ ತೆಗೆಯುತ್ತಾ?"

"ಇಲ್ಲ."

"ಕಸ ಗುಡಿಸುತ್ತಾ?"

"ಇಲ್ಲ. ಆದ್ರೆ ಕಣ್ಣಿಗೆ ಕಾಣದ ಕ್ರಿಮಿ ಅದಾವಲ್ಲ..."

"ಕಾಣೋ ಕಸ ಬಿಟ್ಟು ಕಾಣದೇ ಇರೋದನ್ನ ಕ್ಲೀನ್ ಮಾಡುತ್ತೆ. ನಿಮಗೆ ಸರ್ಯಾಗಿ ಜೊತೆಯಾಯ್ತು ಬಿಡಿ."

ಅಮ್ಮ ಹತ್ತಿರ ಬಂದು ಬಗ್ಗಿ ನೋಡಿದರು. "ಫ್ಯಾನಾ? ನನ್ನ ಮಂಚದ ತಾವು ಮಡಗ್ಲಾ ಇದ, ಸೆಕೆ ತಡಿಯಕ್ಕಾಗಕಿಲ್ಲ."

ಅದು ಫ್ಯಾನಲ್ಲ, ಮನೆಯನ್ನು ಆಸ್ಪತ್ರೆಯಷ್ಟು ಶುದ್ಧ ಮಾಡುವ ಯಂತ್ರ, ಇದರ ಮುಂದೆ ಪೊರಕೆ ಬಕೆಟ್ಟುಗಳೆಲ್ಲ ಶಿಲಾಯುಗದ ಸಾಮಾನು ಎಂದು ನಾನೊಂದು ಭಾಷಣ ಮಾಡಿದೆ. ಭಾಷಣದ ಸಾರಾಂಶ ರೂಪಶ್ರೀಗೆ ಕೂಡಲೇ ಹೊಳೆಯಿತು.

"ಅಂದ್ರೆ ಈ ಸಲ ನೀವು ಮನೆ ಒರೆಸಲ್ಲ."

"ನಾನು ಅಂತಲ್ಲ, ಯಾರೂ ಒರೆಸೋ ಅಗತ್ಯ ಇಲ್ಲ."

"ಆಯ್ತು. ಹಬ್ಬದೊಳಗೆ ಇದು ಒಂದ್ ಸಲ, ಒಂದೇ ಒಂದ್ ಸಲ, ಹಾರಿ ಒಂದು ಕೋಣೆ ಕ್ಲೀನ್ ಮಾಡ್ಲಿ. ಇನ್ನು ಜನ್ಮದಲ್ಲಿ ನಿಮಗೆ ಪೊರಕೆ ಮುಟ್ಟು ಅನ್ನಲ್ಲ. ಹಾರ್ಲಿಲ್ವಾ, ಆಯುಧಪೂಜೆಗೆ ಇಡೀ ಮನೆ ನಿಮ್ದು. ಅಟ್ಟಾನೂ ಸೇರಿ. ಅತ್ತೇನೇ ಸಾಕ್ಷಿ."

"ಆಗ್ಲಿ, ನಾನೇ ಸಾಕ್ಸಿ" ಎಂದರು ಅಮ್ಮ, ಫ್ಯಾನು ಸಿಗದ ಬೇಸರದಲ್ಲಿ.

ಜನ್ಮದಲ್ಲಿ! ನಾನು ಒಳಗೊಳಗೇ ಕುಣಿದಾಡಿದೆ. ಆದರೆ ಮರುದಿನವೇ ಒಂದು ದಾರುಣ ಸತ್ಯ ತಿಳಿಯಿತು. ನಮ್ಮ ಮನೆಯಲ್ಲಿ ಖಾಲಿ ಕೋಣೆ ಎಂಬ ಪದಾರ್ಥವೇ ಇಲ್ಲ.

ಮೊದಲು ನಡುಮನೆಯಲ್ಲಿ ಪ್ರಯೋಗ. ಅಲ್ಲಿ ಅಮ್ಮ ಚಾಪೆ ಹಾಸಿ ಕೂತು ಅಕ್ಕಿ ಆರಿಸುತ್ತಿದ್ದರು. "ಅಮ್ಮ, ಸ್ವಲ್ಪ ಜಗಲಿ ಮೇಲೆ ಕುಂತ್ಕೊತೀಯಾ?" ಎಂದೆ.

"ಯಾಕ್ಲಾ? ನಿಮ್ಮಪ್ಪ ಕಟ್ಸಿದ ಮನೇಲಿ ನಾನ್ ಎಲ್ಲಿ ಕುಂತ್ಕಬೇಕು ಅಂತ ನಿನ್ನ ಫ್ಯಾನ್ ಕೇಳ್ಬೇಕಾ?"

ಎಲೆ ಅಡಿಕೆಯ ಆಸೆ ತೋರಿಸಿ ಅವರನ್ನು ಎಬ್ಬಿಸುವಷ್ಟರಲ್ಲಿ ಬಸ್ಸಿಗೆ ಕಾಯುವ ಇಬ್ಬರು ನೆರಳಿಗೆಂದು ಒಳಗೆ ಬಂದು ಕೂತರು. ಅವರಿಗೆ ಬಸ್ಸು ಸಿಕ್ಕುವಷ್ಟರಲ್ಲಿ ಹಾಲಿನ ಡೈರಿಯ ನಂಜಣ್ಣ ಬಂದ. ಕೊನೆಗೂ ಎಲ್ಲರನ್ನೂ ಸಾಗಹಾಕಿ, ಬಾಗಿಲು ಮುಚ್ಚಿ, ಹೊರಗೆ ಕಿವಿಗೊಟ್ಟು ನಿಂತೆ. ಡ್ರೋನು ಏಳಲೇ ಇಲ್ಲ. ಫೋನಿಗೆ ಮೆಸೇಜು ಬಂತು: "ಕೋಣೆಯಲ್ಲಿ ವ್ಯಕ್ತಿ ಇದ್ದಾರೆ. ಕೆಲಸ ನಿಲ್ಲಿಸಲಾಗಿದೆ."

ಬಾಗಿಲು ತೆಗೆದು ನೋಡಿದರೆ ಯಾರೂ ಇಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದೆ, ಅಲ್ಲೂ ಇಲ್ಲ. ಶರತ್‌ಗೆ ಫೋನ್ ಮಾಡಿದೆ.

"ಗೋಡೆ ಮೇಲೆ ಕ್ಯಾಲೆಂಡರ್ ಏನಾದ್ರೂ ಇದ್ಯಾ ಸಾರ್?"

ಇತ್ತು. ಕಮಲದ ಮೇಲೆ ಕೂತ ಲಕ್ಷ್ಮಿ, ಡ್ರೋನನ್ನೇ ನೋಡಿ ನಗುತ್ತಿದ್ದಳು. ಆ ಬುದ್ಧಿವಂತ ಯಂತ್ರಕ್ಕೆ ಫೋಟೋದ ಮುಖವೂ ಮುಖವೇ. ಕ್ಯಾಲೆಂಡರ್ ತೆಗೆಯಲು ಕೈ ಚಾಚಿದೆ, ಹಿಂದಿನಿಂದ ರೂಪಶ್ರೀ ಗುಡುಗಿದಳು.

"ಲಕ್ಷ್ಮೀನ ಆಚೆಗೆ ಹಾಕಿ ಮನೆ ಕ್ಲೀನ್ ಮಾಡ್ತೀರಾ? ಮಾಡಿ ಮಾಡಿ. ಆಮೇಲೆ ಖಾಲಿ ಮನೇಲಿ ಅದು ಚೆನ್ನಾಗಿ ಹಾರಾಡ್ಲಿ."

ಕೈ ಕೆಳಗಿಳಿಸಿದೆ. ಅಡುಗೆಮನೆಗೆ ಹೋದೆ. "ನಾನು ಆಚೆ ಬರ್ಬೇಕಾ? ಬತ್ತೀನಿ. ರಾತ್ರಿ ಮುದ್ದೆ ಅದೇ ತೊಳಸ್ತದಾ ಕೇಳಿ ಒಂದು ಮಾತು" ಎಂದಳು ರೂಪಶ್ರೀ. ಅಲ್ಲಿಂದಲೂ ಯಂತ್ರವನ್ನು ಎತ್ತಿಕೊಂಡು ಹೊರಟೆ. ಉಳಿದದ್ದು ಒಳಕೋಣೆ. ಅಲ್ಲಿ ಕ್ಯಾಲೆಂಡರ್ ಇಲ್ಲ, ಅಕ್ಕಿ ಮೂಟೆ, ಒಂದು ಬೀರು, ಒಂದು ಮಣೆ, ಅಷ್ಟೇ. ಆದರೆ ಅಮ್ಮನ ಎಲೆ ಅಡಿಕೆ ಡಬ್ಬಿ ಇರುವುದೂ ಅಲ್ಲೇ. ಆ ಡಬ್ಬಿಗೂ ಅಮ್ಮನಿಗೂ ಇರುವ ಸಂಬಂಧ ಕರುವಿಗೂ ಹಸುವಿಗೂ ಇರುವಂಥದ್ದು. ಬಾಗಿಲು ಹಾಕಿದರೆ ತೆಗೆಯುವರು, ಮತ್ತೆ ಹಾಕಿದರೆ ಮತ್ತೆ ತೆಗೆಯುವರು.

ರೋಸಿ ಹೋಗಿ ಡ್ರೋನನ್ನು ಬೀರುವಿನ ಮೇಲಿಟ್ಟೆ. ಫೋನಿನಲ್ಲಿ ಒಂದು ಆಯ್ಕೆ ಇತ್ತು: ಕೋಣೆ ಯಾವಾಗ ಖಾಲಿಯಾಗಿ ಬಾಗಿಲು ಮುಚ್ಚುತ್ತದೋ ಆಗ ತಾನೇ ಎದ್ದು ಕೆಲಸ ಮಾಡುವಂಥದ್ದು. ಅದನ್ನು ಒತ್ತಿದೆ. ಎಂದಾದರೂ ಒಂದು ದಿನ ಅಮ್ಮ ಮಧ್ಯಾಹ್ನ ಮಲಗಿದಾಗ ಹಾರೀತು ಎಂಬ ಆಸೆ. ಅಷ್ಟರಲ್ಲಿ ಅಂಗಡಿಯಲ್ಲಿ ಯೂರಿಯಾಕ್ಕೆ ಜನ ಮುಗಿಬಿದ್ದರು, ನಾನು ಆ ಗಲಾಟೆಯಲ್ಲಿ ಮುಳುಗಿದೆ. ರೂಪಶ್ರೀ ಒಬ್ಬಳೇ ಅಟ್ಟದಿಂದ ಹೊಸ್ತಿಲವರೆಗೆ ಇಡೀ ಮನೆ ತೊಳೆದಳು. ತೊಳೆಯುವಾಗಲೆಲ್ಲ "ಆಯುಧಪೂಜೆ ಬತ್ತಾ ಇದೆ" ಎಂದು ಹಾಡಿನ ಹಾಗೆ ಹೇಳಿಕೊಳ್ಳುತ್ತಿದ್ದಳು.

ಅಮಾವಾಸ್ಯೆ ಬಂತು. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ ದೊಡ್ಡಬೀರಯ್ಯನವರು ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ಬೆಳಿಗ್ಗೆಯೇ ಬಂದಿಳಿದರು. ಎಡೆ ಇಡುವ ಯಜಮಾನಿಕೆ ಅವರದು. ಒಳಕೋಣೆಯಲ್ಲಿ, ಬೀರುವಿನ ಬುಡದಲ್ಲೇ ಮಣೆ ಹಾಕಿ ಅಪ್ಪನ ಫೋಟೋ ಇಟ್ಟೆವು. ಅದರ ಮುಂದೆ ಎಲೆ: ಮುದ್ದೆ, ಅನ್ನದ ಗುಡ್ಡೆ, ಮಟನ್ ಸಾರು, ಕೋಳಿ, ಮೊಟ್ಟೆ, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಟವೆಲ್ಲು. ಎಲ್ಲ ಆದ ಮೇಲೆ ಅಮ್ಮ ಸೆರಗಿನಿಂದ ಏನನ್ನೋ ತೆಗೆದು, ಒಂದು ಚೊಂಬು ನೀರಿನ ಪಕ್ಕ, ಎಲೆಯ ತುದಿಗೆ ಇಟ್ಟರು. ಹೊಸ ಕೆಂಪು ಸೋಪು.

"ಓದ ವರ್ಸ ಇದ ಮರ್ತಿದ್ದೆ ಕಣ್ ಬಾವ. ಸೋಪ್ ಇಲ್ದೆ ಅವ್ರು ಎಂಗೆ ಉಣ್ತಾರೆ? ಅದುಕ್ಕೇ ಬರ್ನಿಲ್ಲ" ಎಂದರು ದೊಡ್ಡಪ್ಪನಿಗೆ. ಆಮೇಲೆ ಫೋಟೋದ ಕಡೆ ತಿರುಗಿ, "ಈ ಸಲ ಮನೆ ಎಲ್ಲ ರೂಪಾನೇ ತೊಳದವ್ಳೆ, ಸಸಿ ಮುಟ್ಟಿಲ್ಲ. ಬನ್ನಿ" ಎಂದರು.

ಇಷ್ಟು ಹೇಳಿ ಸೋಪನ್ನು ಫೋಟೋದ ಕಡೆಗೆ ಇನ್ನಷ್ಟು ಸರಿಸಿದರು. ಇದು ಸೋಪಿನ ವಿಷಯವಲ್ಲ ಎಂದು ನನಗೆ ಗೊತ್ತಿತ್ತು. ಈ ಸಲವೂ ಅನ್ನದ ಗುಡ್ಡೆ ಹಾಗೇ ಇದ್ದರೆ ಅಮ್ಮ ಇನ್ನೊಂದು ವರ್ಷ ಕೊರಗುತ್ತಾರೆ. ಒಂದು ಅಗುಳಾದರೂ ಚೆಲ್ಲಿರಲಪ್ಪ ಎಂದು ನಾನೂ ಮನಸ್ಸಿನಲ್ಲೇ ಕೈ ಮುಗಿದೆ.

ದೊಡ್ಡಪ್ಪ ಧೂಪ ಹಾಕಿದರು. ಎಲ್ಲರೂ ಹೊರಗೆ ಬಂದೆವು. "ಬಾಗ್ಲಾಕ್ಲಾ" ಎಂದರು. ನಾನೇ ನನ್ನ ಈ ಕೈಯಾರೆ ಬಾಗಿಲು ಮುಚ್ಚಿದೆ. ಎಲ್ಲರೂ ನಡುಮನೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತೆವು.

ಒಂದು ಗಳಿಗೆ ಕಳೆಯಿತು. ಆಮೇಲೆ ಒಳಕೋಣೆಯಿಂದ ಸದ್ದು ಬಂತು.

"ಗುಂಯ್ಯ್ಯ್..."

ದೊಡ್ಡಪ್ಪನ ಎರಡೂ ಕೈಗಳು ತಾವಾಗಿಯೇ ಜೋಡಿಸಿಕೊಂಡವು. ಅಮ್ಮನ ಕಣ್ಣು ಅರಳಿತು. ನನಗೆ ಮಾತ್ರ ಬೀರುವಿನ ಮೇಲೆ ಇಟ್ಟು ಮರೆತದ್ದು ನೆನಪಾಯಿತು. ಖಾಲಿ ಕೋಣೆ! ಮುಚ್ಚಿದ ಬಾಗಿಲು! ವರ್ಷಕ್ಕೊಂದು ಸಲ ಮಾತ್ರ ಒದಗಿಬರುವ ಆ ಸುಮುಹೂರ್ತವನ್ನು ನನ್ನ ಬುದ್ಧಿವಂತ ಯಂತ್ರ ಹಿಡಿದುಬಿಟ್ಟಿತ್ತು.

"ಬಂದ!" ಎಂದು ಪಿಸುಗುಟ್ಟಿದರು ದೊಡ್ಡಪ್ಪ.

ನಾನು ಏಳಲು ಹೋದೆ. "ಕುಂತ್ಕೊಳ್ಲಾ!" ಎಂದು ಪಂಚೆ ಹಿಡಿದು ಎಳೆದರು. "ಉಣ್ಣೋ ಒತ್ನಲ್ಲಿ ಬಾಗ್ಲು ತಗುದ್ರೆ ಎದ್ದೋಗ್ಬುಡ್ತಾನೆ."

ಒಳಗೆ "ಪುಸ್... ಪುಸ್..." ಎಂದು ಸಿಂಪಡಿಸುವ ಸದ್ದು ಶುರುವಾಯಿತು.

"ಉಸ್ ಉಸ್ ಅಂತಾವ್ನೆ ಕಣವ್ವ. ಪಾಪ, ದೂರದಿಂದ ಬಂದು ಸುಸ್ತಾಗ್ಬುಟ್ಟದೆ" ಎಂದರು ದೊಡ್ಡಪ್ಪ. 

"ಉಸ್ ಅಲ್ಲ ಬಾವ, ಕೈ ತೊಳಿತಾವ್ರೆ. ಅವ್ರು ಕೈ ತೊಳಿಯೋ ಸದ್ದು ನಂಗೆ ತಿಳೀದಾ?" ಎಂದರು ಅಮ್ಮ.

ರೂಪಶ್ರೀ ನನ್ನನ್ನು ನೋಡಿದಳು. ಬಾಗಿಲನ್ನು ನೋಡಿದಳು. ಮತ್ತೆ ನನ್ನನ್ನು ನೋಡಿ ಒಂದೇ ಒಂದು ಹುಬ್ಬು ಏರಿಸಿದಳು. ನಾನು ಸೂರಿನ ಕಡೆ ಮುಖ ಮಾಡಿ ಕುಳಿತೆ.

ಓದುಗ ಮಹಾಶಯರೇ, ನನ್ನ ಸ್ಥಿತಿಯನ್ನು ಸ್ವಲ್ಪ ವಿಚಾರ ಮಾಡಿ. ಯಂತ್ರ ಹಾರಿದೆ. ಅದ್ಭುತವಾಗಿ ಹಾರಿದೆ. ಪಂತ ನಾನು ಗೆದ್ದಿದ್ದೇನೆ. "ಅದು ಅಪ್ಪ ಅಲ್ಲಮ್ಮ, ಡ್ರೋನು" ಎಂಬ ಒಂದು ಮಾತು ಬಾಯಿಂದ ಬಿದ್ದರೆ ಸಾಕು, ಜನ್ಮಪೂರ್ತಿ ಪೊರಕೆಯಿಂದ ಮುಕ್ತಿ. ಮಾತು ನಾಲಿಗೆಯ ತುದಿಗೆ ಬಂದು ಹಲ್ಲಿಗೆ ತಗುಲಿ ನಿಂತಿತ್ತು. ಆಗ ಅಮ್ಮನ ಮುಖ ನೋಡಿದೆ. ಅಪ್ಪ ಹೋದ ಮೇಲೆ ಆ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ. ಮಾತನ್ನು ವಾಪಸ್ ನುಂಗಿದೆ.

ಇದ್ದಕ್ಕಿದ್ದ ಹಾಗೆ ಒಳಗಿನ ಸದ್ದು ನಿಂತಿತು. ನನ್ನ ಜೇಬಿನಲ್ಲಿ ಫೋನು ಗುರ್ರೆಂದಿತು. ಕೆಮ್ಮಿ ಅದರ ಸದ್ದನ್ನು ಮುಚ್ಚಿದೆ.

"ಊಟ ಆಯ್ತು ಅನ್ನುಸ್ತದೆ" ಎಂದು ದೊಡ್ಡಪ್ಪ ಎದ್ದು, ಮೂರು ಸಲ ಚಪ್ಪಾಳೆ ತಟ್ಟಿ ಬಾಗಿಲು ತೆಗೆದರು.

ಒಳಗೆ ತೆಳುವಾದ ಮಂಜು. ಅನ್ನದ ಗುಡ್ಡೆಯ ಒಂದು ಪಕ್ಕ ಕುಸಿದು ಅಗುಳುಗಳೆಲ್ಲ ಎಲೆಯಾಚೆ ಚೆಲ್ಲಿದ್ದವು. ಕಜ್ಜಾಯವೊಂದು ಉರುಳಿಹೋಗಿ ಅಕ್ಕಿ ಮೂಟೆಗೆ ಒರಗಿತ್ತು. ಅಪ್ಪನ ಫೋಟೋದ ಹಾರ ಇನ್ನೂ ತೂಗುತ್ತಿತ್ತು. ಗೂಡಿನಲ್ಲಿದ್ದ ದೀಪ ಮಾತ್ರ ಅಲುಗದೆ ಉರಿಯುತ್ತಿತ್ತು. ಬೀರುವಿನ ಮೇಲೆ ಡ್ರೋನು ರೆಕ್ಕೆ ಮುದುರಿ, ಏನೂ ಅರಿಯದ ಪಾಪದ ಕೂಸಿನ ಹಾಗೆ ಕುಳಿತಿತ್ತು.

ಅಮ್ಮ ಯಾವುದನ್ನೂ ನೋಡಲಿಲ್ಲ. ನೇರವಾಗಿ ಹೋಗಿ ಸೋಪು ಮುಟ್ಟಿದರು.

"ಬಾವಾ! ಸೋಪ್ ನೆಂದದೆ!"

ದೊಡ್ಡಪ್ಪ ಮುಟ್ಟಿ ನೋಡಿದರು. ನೆಂದಿತ್ತು. ರೂಪಶ್ರೀ ಮುಟ್ಟಿ ನೋಡಿದಳು. ನೆಂದಿತ್ತು. ನನ್ನ ಕೈಗೂ ಕೊಟ್ಟರು. ಅದಕ್ಕಿಂತ ಚೆನ್ನಾಗಿ ನೆಂದ ಸೋಪನ್ನು ನಾನು ಈವರೆಗೆ ಕಂಡಿಲ್ಲ.

"ಕೈ ತೊಳ್ಕಂಡೇ ಉಂಡವ್ರೆ" ಎಂದು ಅಮ್ಮ ನಗುತ್ತಾ ಅತ್ತರು, ಅಳುತ್ತಾ ನಕ್ಕರು. ಆದರೆ ಅದನ್ನು ನೋಡುತ್ತಾ ನಿಲ್ಲಲು ನನಗೆ ಪುರುಸೊತ್ತಿರಲಿಲ್ಲ. ದೊಡ್ಡಪ್ಪ "ತಗಳಿ, ನನ್ ತಮ್ಮ ಉಂಡ ಎಡೆ, ಎಲ್ರೂ ಪರಸಾದ ತಗಳಿ" ಎಂದು ಎಲೆಗೆ ಕೈ ಹಾಕಿ, ಕೋಳಿಯ ಕಾಲನ್ನೇ ಎತ್ತಿ ಬಾಯಿಯ ಹತ್ತಿರಕ್ಕೆ ಒಯ್ದರು.

ಔಷಧಿ ಹೊಡೆದ ಮೇಲೆ ಇಷ್ಟು ದಿನ ಸೊಪ್ಪು ಕೀಳಬೇಡಿ, ತರಕಾರಿ ಮುಟ್ಟಬೇಡಿ ಎಂದು ದಿನಾ ರೈತರಿಗೆ ಬುದ್ಧಿ ಹೇಳುವ ಅಂಗಡಿಯವನು ನಾನು. ನನ್ನ ಮನೆಯಲ್ಲೇ, ನನ್ನ ಸ್ವಂತ ದೊಡ್ಡಪ್ಪ!

"ಮುಟ್ಬೇಡಿ!" ಎಂದು ಚೀರಿ, ಹಾರಿ ಹೋಗಿ ಅವರ ಕೈಯಿಂದ ಕೋಳಿಕಾಲು ಕಿತ್ತುಕೊಂಡೆ.

ಎಲ್ಲರೂ ನನ್ನ ಕಡೆ ತಿರುಗಿದರು. ಹಿರಿಯರ ಹಬ್ಬದ ದಿನ ಹಿರಿಯರ ಕೈಯಿಂದ ತುಂಡು ಕಿತ್ತುಕೊಂಡ ಮೊದಲ ಕುಲಪುತ್ರ ನಾನೇ ಇರಬೇಕು. ಏನಾದರೂ ಹೇಳಬೇಕಿತ್ತು.

"ಅಪ್ಪನ ಎಲೆ ಇನ್ನೊಬ್ಬರು ಮುಟ್ಟಿದ್ರೆ ಅವರು ಸೈಸ್ಕೊತಿದ್ರಾ ದೊಡ್ಡಪ್ಪ? ನೀವೇ ಹೇಳಿ. ಅಷ್ಟು ಅಪರೂಪಕ್ಕೆ ಬಂದವ್ರೆ, ಇನ್ನೂ ಇಲ್ಲೇ ಇರ್ಬಹುದು. ಈ ಎಡೆ ಪೂರ್ತಿ ಅವರ್ದೇ. ಅವ್ರು ನೆಟ್ಟ ತೆಂಗಿನ ಬುಡಕ್ಕೆ ಹಾಕ್ಬುಡಾನ."

ದೊಡ್ಡಪ್ಪ ಯೋಚಿಸಿದರು. "ಅದು ದಿಟ ಕಣ್ಲಾ. ಒಂದ್ ದಪ ಅವನ ತಟ್ಟೇಲಿ ಒಂದು ಉಪ್ಪಿನಕಾಯಿ ಓಳು ತಗಂಡಿದ್ಕೆ ಎಂಟು ದಿನ ಮಾತಾಡಿರ್ನಿಲ್ಲ" ಎಂದರು. ಆದರೂ ಆ ಕೋಳಿಕಾಲನ್ನು ಅವರು ಬೀಳ್ಕೊಟ್ಟ ನೋಟವನ್ನು ನಾನು ಮರೆಯಲಾರೆ. ಹಿತ್ತಲಲ್ಲಿ ನಾಯಿ, ಕಾಗೆಗಳ ಬಾಯಿಗೆ ಬೀಳದಂತೆ ಹೊಸ ಪಂಚೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ಗುಂಡಿ ತೋಡಿ, ಸಮಸ್ತ ಎಡೆಯನ್ನೂ ನಾನೇ ಹೂತು ಬಂದೆ. ಒಳಕೋಣೆಯನ್ನು ಒರೆಸಿ, ಅಕ್ಕಿ ಮೂಟೆಯ ಮೇಲಿನ ಗೋಣಿಯನ್ನು ಬದಲಾಯಿಸಿದವನೂ ನಾನೇ. (ಪೊರಕೆ ತಪ್ಪಿಸಿಕೊಳ್ಳಲು ಹೊರಟವನಿಗೆ ಗುದ್ದಲಿಯೂ ಸಿಕ್ಕಿತು.)

ಪುಣ್ಯಕ್ಕೆ ಅಡುಗೆಮನೆಯಲ್ಲಿ ಪಾತ್ರೆಗಟ್ಟಲೆ ಊಟವಿತ್ತು. ಸಾಲಾಗಿ ಕೂತೆವು. ಅಮ್ಮ ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ಬಡಿಸುತ್ತಾ ಬಂದ ರೂಪಶ್ರೀ ನನ್ನ ಎಲೆಯ ಮುಂದೆ ನಿಂತು, ಇಡೀ ಪಂಕ್ತಿಗೆ ಕೇಳುವಂತೆ ಕೇಳಿದಳು.

"ಅಲ್ಲಾ ರೀ, ಹಬ್ಬ ಮುಗೀತಾ ಬಂತು. ನಿಮ್ಮ ಮಿಷನ್ ಕಥೆ ಏನಾಯ್ತು? ಹಾರ್ತಾ?"

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ದೊಡ್ಡಪ್ಪ ನೋಡಿದರು.

"ಎಲ್ಲಿ ಹಾರ್ತು" ಎಂದೆ.

"ಒಂದ್ ಸಲಾನೂ?"

"ಒಂದ್ ಸಲಾನೂ."

"ಅಯ್ಯೋ ಪಾಪ. ತಗೊಳ್ಳಿ, ಚೆನ್ನಾಗಿ ತಿನ್ನಿ. ಆಯುಧಪೂಜೆಗೆ ಶಕ್ತಿ ಬೇಕು" ಎಂದು ಇನ್ನೆರಡು ತುಂಡು ಹಾಕಿದಳು. ಅವಳ ತುಟಿಯ ಕೊನೆ ನಡುಗುತ್ತಿತ್ತು. ಎಲ್ಲ ಗೊತ್ತಿದ್ದೇ ಕೇಳಿದ್ದಳು ಪುಣ್ಯಾತ್ಗಿತ್ತಿ!

ಕೈ ತೊಳೆದ ಮೇಲೆ ಕೊಟ್ಟಿಗೆಯ ಮರೆಗೆ ಹೋಗಿ ಫೋನು ತೆಗೆದು ನೋಡಿದೆ. ಆ ಸದ್ದು ನಿಂತ ಗಳಿಗೆಯಲ್ಲಿ ಬಂದ ಮೆಸೇಜು: "ಕೋಣೆಯಲ್ಲಿ ವ್ಯಕ್ತಿ ಇದ್ದಾರೆ. ಕೆಲಸ ನಿಲ್ಲಿಸಲಾಗಿದೆ." ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಅಲ್ಲಿಂದಲೇ ಶರತ್‌ಗೆ ಫೋನ್ ಮಾಡಿದೆ.

"ಅಲ್ಲಿ ಯಾರ್ದಾದ್ರೂ ಫೋಟೋ ಇತ್ತಾ ಸಾರ್? ಹಾರೋವಾಗ ಆ ಕಡೆ ತಿರುಗಿ ಮುಖ ನೋಡಿರುತ್ತೆ, ನಿಂತಿರುತ್ತೆ" ಎಂದ ಅವನು ಆಕಳಿಸುತ್ತಾ. ಸರಿಯೇ. ಬೀರುವಿನ ಬುಡದಲ್ಲಿದ್ದ ಫೋಟೋ, ಡ್ರೋನು ಬೀರುವಿನ ಮೇಲೆ ಕೂತಿದ್ದಾಗ, ಅದಕ್ಕೆ ಕಂಡಿರಲಾರದು. ನನಗೆ ಸಮಾಧಾನವಾಯಿತು. ಸಮಾಧಾನವಾಗಿದ್ದಕ್ಕೆ ಯಾಕೋ ಸ್ವಲ್ಪ ಬೇಜಾರೂ ಆಯಿತು.

ಆಯುಧಪೂಜೆಯ ಮುನ್ನಾದಿನ. ಶಿಲಾಯುಗದ ಸಾಮಾನುಗಳೊಂದಿಗೆ ನಾನು ಅಟ್ಟ ಮುಗಿಸಿ, ಮೈತುಂಬ ಜೇಡರ ಬಲೆ ಹೊದ್ದು, ಒಳಕೋಣೆ ಒರೆಸುತ್ತಿದ್ದೆ. ಅಮ್ಮ ಅಕ್ಕಿ ಮೂಟೆಯ ಮೇಲೆ ಕಾಲು ಎತ್ತಿಕೊಂಡು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಸಸಿ, ಅವತ್ತು ಅದು ಅರ್ಧಕ್ಕೇ ಯಾಕ್ಲಾ ನಿಂತ್ಕತು?"

ನನ್ನ ಕೈಯಲ್ಲಿದ್ದ ಬಟ್ಟೆಯೂ ನಿಂತಿತು. "ಯಾವ್ದಮ್ಮ?"

"ಅದೇ, ನಿನ್ನ ಫ್ಯಾನು."

"ನಿಂಗೆ... ಗೊತ್ತಿತ್ತಾ?"

"ನಿಮ್ಮಪ್ಪನ ಜೊತೇಲಿ ಅಷ್ಟು ವರ್ಸ ಬಾಳೀವ್ನಿ. ಅವ್ರೇನು ಗುಂಯ್ ಅಂತ ಬತ್ತಿದ್ರಾ?"

"ಮತ್ತೆ ಹೇಳ್ನಿಲ್ವಲ್ಲ ನೀನು?"

"ನೀನೂ ಏಳ್ನಿಲ್ವಲ್ಲ. ಪಂತ ಸೋತ್ರೂ ಸರಿ, ಅವ್ವ ಸಂತೋಸವಾಗಿರ್ಲಿ ಅಂತ ಮಗ ಬಾಯಿ ಮುಚ್ಕಂಡವ್ನೆ. ಅದುಕ್ಕಿಂತ ಗುರುತು ಬೇಕಾ ನಂಗೆ? ನಿಮ್ಮಪ್ಪನೂ ಇಂಗೇ. ಅಂಗಂದ್ಕಂಡೇ ಎಲ್ಡ್ ಸಲ ಸಾರು ಹಾಕುಸ್ಕಂಡೆ. ಅದಿರ್ಲಿ, ಯಾಕೆ ನಿಂತ್ಕತು ಏಳು."

ನಾನು ಕೈ ಒರೆಸಿಕೊಂಡು ಫೋನಿನ ಮೆಸೇಜನ್ನು ಓದಿ ಹೇಳಿದೆ. ಅಮ್ಮ ಇನ್ನೊಂದು ಸಲ ಓದು ಎಂದರು. ಓದಿದೆ.

"ಅಂದ್ರೆ?"

"ಕೋಣೇಲಿ ಯಾರೋ ಇದ್ರು ಅಂತ ನಿಲ್ಲಿಸ್ಬುಡ್ತು."

ಶರತ್ ಹೇಳಿದ ಫೋಟೋದ ವಿಷಯವೂ ಬಾಯಿಗೆ ಬಂದಿತ್ತು. ಅದನ್ನೂ ನುಂಗಿದೆ. (ಈ ಹಬ್ಬದಲ್ಲಿ ನಾನು ಊಟಕ್ಕಿಂತ ಹೆಚ್ಚಾಗಿ ಮಾತನ್ನೇ ನುಂಗಿದ್ದು.) ಅಮ್ಮ ಸುಣ್ಣದ ಬೆರಳನ್ನು ಗಾಳಿಯಲ್ಲೇ ಹಿಡಿದು ಬೀರುವಿನ ಬುಡದ ಕಡೆ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

"ಬರೋ ವರ್ಸಾನೂ ಅದ ಇಸ್ಕಂಬಂದು ಅಲ್ಲೇ ಮಡಗು. ಎಡೆ ಮ್ಯಾಲೆ ಮಾತ್ರ ಒಂದು ಮಂಕರಿ ಕವುಚಾಕು. ನಿಮ್ಮಪ್ಪ ಎತ್ಕಂಡು ಉಣ್ತಾರೆ. ನಿಮ್ ದೊಡ್ಡಪ್ಪ ಕೋಳಿಕಾಲು ಓಯ್ತು ಅಂತ ಇನ್ನೂವೆ ಫೋನ್ ಮಾಡಿ ಅಳ್ತಾವ್ರೆ."

ಅಷ್ಟರಲ್ಲಿ ಅಡುಗೆಮನೆಯಿಂದ ರೂಪಶ್ರೀ ಕೂಗಿದಳು. "ಅತ್ತೆ, ಏನಂತೆ ಅವರ್ದು? ಮಿಷನ್ ಹಾರಿತ್ತಂತಾ?"

ನನ್ನ ಎದೆಯಲ್ಲಿ ಒಮ್ಮೆಲೇ ಬೆಳಕಾಯಿತು. ಇನ್ನೇಕೆ ಮುಚ್ಚುಮರೆ? ಅಮ್ಮನಿಗೇ ಎಲ್ಲ ಗೊತ್ತಿದೆ! ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು, ಗೆದ್ದ ಪೈಲ್ವಾನನ ಹಾಗೆ ಎದ್ದು ನಿಂತು ಕೂಗಿದೆ.

"ಹಾರಿತ್ತು ಕಣೇ! ಹಬ್ಬದ ದಿನಾನೇ ಹಾರಿತ್ತು! ಅಮ್ಮನೇ ಸಾಕ್ಷಿ, ಬೇಕಾದ್ರೆ ಕೇಳು!"

ಅಮ್ಮ ನಿಧಾನವಾಗಿ ಎಲೆ ಅಗಿದರು. ಅಪ್ಪನಷ್ಟೇ ಗಂಭೀರವಾಗಿ ಕೋಣೆಯ ನೆಲವನ್ನೆಲ್ಲ ಒಂದು ಸುತ್ತು ನೋಡಿದರು.

"ಎಲ್ಲಿ ಆರ್ತು? ನಾ ಕಾಣೆ ಕಣವ್ವ" ಎಂದರು ಸೊಸೆಗೆ ಕೇಳುವಂತೆ. ಆಮೇಲೆ ನನ್ನ ಕಡೆ ತಿರುಗಿ, "ಆ ಮೂಲೆ ಒರ್ಸೇ ಇಲ್ಲ ನೋಡು. ಬಗ್ಗು" ಎಂದರು.